ಸಿಟಿ ಹಾಲ್‌ನಲ್ಲಿ ಅನುದಾನದ ಲೆಕ್ಕ: ಉಡುಪಿಯಿಂದ ಬಂದವರಿಗೆ ಒಂದು ಉತ್ತರ

ನೀವು ಕೇಳಿದ್ದು ಇಷ್ಟು: ಉಡುಪಿಯಲ್ಲಿ ನಗರಸಭೆಯ ಲೆಕ್ಕ ವಿಭಾಗದಲ್ಲಿದ್ದೆ, ಹಣಕಾಸು ಆಯೋಗದ ಅನುದಾನ ಮತ್ತು ಅಮೃತ್ ಯೋಜನೆಯ (ನಗರಗಳ ನೀರು, ಒಳಚರಂಡಿಗೆ ಕೇಂದ್ರ ಕೊಡುವ ಹಣ) ಕಡತ ನೋಡುತ್ತಿದ್ದೆ. ಈಗ ಅಮೆರಿಕದ ಒಂದು ಮಧ್ಯಮ ಗಾತ್ರದ ನಗರದಲ್ಲಿ ಸರ್ಕಾರಿ ಅನುದಾನ ನೋಡಿಕೊಳ್ಳುವ ಬಜೆಟ್ ಅನಲಿಸ್ಟ್ ಹುದ್ದೆಗೆ ಸಂದರ್ಶನ ಬಂದಿದೆ. ಊರಿನ ಅನುಭವ ಇಲ್ಲಿ ಲೆಕ್ಕಕ್ಕೆ ಬರುತ್ತದೆಯೇ, ಕೆಲಸ ಎಂಥದ್ದು, ಚಳಿಗೆ ಏನು ಮಾಡುವುದು, ವರ್ಷಕ್ಕೊಮ್ಮೆ ಊರಿಗೆ ಹೋಗಲಿಕ್ಕೆ ರಜೆ ಸಿಗುತ್ತದೆಯೇ?

ಚಳಿಗೆ ಜಾಕೆಟ್, ಬೂಟು ಊರಿನಿಂದ ತರಬೇಡಿ, ಇಲ್ಲೇ ಕೊಳ್ಳಿ. ಸಂಬಳದ ಶ್ರೇಣಿ ಹುದ್ದೆಯ ಜಾಹೀರಾತಿನಲ್ಲೇ ಇರುತ್ತದೆ. ವೀಸಾದ ಮಾತನ್ನು ಸಂದರ್ಶನಕ್ಕೆ ಮೊದಲೇ ಎಚ್‌ಆರ್‌ಗೆ ಬರೆದು ಕೇಳಿಬಿಡಿ. ಪ್ರಾಯೋಜಿಸದ ನಗರಗಳು ತುಂಬಾ ಉಂಟು.

ಅನುಭವ ಖಂಡಿತ ಲೆಕ್ಕಕ್ಕೆ ಬರುತ್ತದೆ. ಅದನ್ನು ರೆಸ್ಯೂಮೆಯಲ್ಲಿ ಒಂದೇ ಸಾಲಿಗೆ ಮುಗಿಸಬೇಡಿ. 2021ರಿಂದ 2026ರ ಅವಧಿಯ ಹಣಕಾಸು ಆಯೋಗದ ಅನುದಾನದಲ್ಲಿ ಉಡುಪಿಯಂಥ ನಗರಕ್ಕೆ ಶೇಕಡ 40 ಮುಕ್ತ, ಶೇಕಡ 60 ನಿರ್ಬಂಧಿತ. ನಿರ್ಬಂಧಿತದಲ್ಲಿ ಅರ್ಧ ನೀರಿಗೆ, ಅರ್ಧ ನೈರ್ಮಲ್ಯ ಮತ್ತು ಕಸ ವಿಲೇವಾರಿಗೆ. ಅಮೃತ್ ಮೊದಲ ಹಂತದಲ್ಲಿ 10 ಲಕ್ಷದೊಳಗಿನ ಜನಸಂಖ್ಯೆಯ ನಗರಕ್ಕೆ ಕೇಂದ್ರದ ಪಾಲು ಯೋಜನಾ ವೆಚ್ಚದ ಅರ್ಧ. ಇದನ್ನೆಲ್ಲ ತಪ್ಪದೆ ಬೇರೆ ಬೇರೆ ಖಾತೆಯಲ್ಲಿಟ್ಟು ಆಡಿಟ್‌ಗೆ ನಿಂತವರು ನೀವು. ಇಲ್ಲಿನ ಸಂದರ್ಶಕರಿಗೆ ಆಯೋಗದ ಹೆಸರು ಗೊತ್ತಿರುವುದಿಲ್ಲ, ಆದರೆ ಷರತ್ತಿನ ಹಣವನ್ನು ಷರತ್ತಿನಂತೆಯೇ ಖರ್ಚು ಮಾಡಿಸಿದ್ದೇನೆ ಎಂದರೆ ತಕ್ಷಣ ಅರ್ಥವಾಗುತ್ತದೆ. ಕೆನರಾ, ಸಿಂಡಿಕೇಟ್, ಕಾರ್ಪೊರೇಶನ್, ವಿಜಯಾ, ಕರ್ನಾಟಕ ಎಂದು ಐದು ಬ್ಯಾಂಕುಗಳನ್ನು ಕಟ್ಟಿದ ಅವಿಭಜಿತ ದಕ್ಷಿಣ ಕನ್ನಡದವರು ನಾವು. ಲೆಕ್ಕದ ವಿಷಯದಲ್ಲಿ ತಲೆ ತಗ್ಗಿಸಿ ಕೂರುವ ಅಗತ್ಯ ಇಲ್ಲ.

ಇನ್ನು ಕೆಲಸದ ವಿಷಯ. ನಾನು ಬಂದ ಹೊಸತರಲ್ಲಿ ಮೊದಲು ಹುಡುಕಿದ್ದು ಮುಂಚೆಯೇ ಬರುವ ಕಂತು ಮತ್ತು ಅದು ಖರ್ಚಾಯಿತೆಂದು ಕೊಡುವ ಬಳಕೆ ಪ್ರಮಾಣಪತ್ರವನ್ನು. ಊರಿನ ಕಡೆಯಿಂದ ಬಂದ ಎಲ್ಲರೂ ಅದನ್ನೇ ಹುಡುಕುತ್ತಾರೆ. ಇಲ್ಲಿ ಬಹುಪಾಲು ಅನುದಾನದ ಹಣ ಖರ್ಚಾದ ಮೇಲೆ ಬರುತ್ತದೆ. ನಗರ ತನ್ನ ಕೈಯಿಂದ ಖರ್ಚು ಮಾಡುತ್ತದೆ, ಬಿಲ್ಲು ಮತ್ತು ಸಂಬಳದ ದಾಖಲೆ ಸಮೇತ ಕ್ಲೇಮ್ ಹಾಕುತ್ತದೆ, ಆಮೇಲೆ ಹಣ. ಹಾಗಾಗಿ ಕ್ಲೇಮ್ ತಡವಾದಷ್ಟು ದಿನ ನಗರದ ಸ್ವಂತ ನಗದು ಅಲ್ಲಿ ಸಿಕ್ಕಿಬಿದ್ದಿರುತ್ತದೆ. ವರ್ಷಾಂತ್ಯದ ನಂತರ ನಗರ ತಾನೇ ಗೊತ್ತುಮಾಡಿಕೊಂಡ ದಿನಗಳೊಳಗೆ (ಹಲವೆಡೆ 60 ದಿನ) ಹಣ ಬಾರದಿದ್ದರೆ ಆ ವರ್ಷದ ಆದಾಯವೆಂದು ತೋರಿಸಲಿಕ್ಕೂ ಆಗುವುದಿಲ್ಲ; ಅನುದಾನದ ನಿಧಿ ಋಣಾತ್ಮಕ ಶಿಲ್ಕಿನಲ್ಲಿ ನಿಲ್ಲುತ್ತದೆ. ತ್ರೈಮಾಸಿಕ ಕ್ಲೇಮ್ ಸಾಕು ಎಂದು ಒಪ್ಪಂದದಲ್ಲಿ ಇದ್ದರೂ, ಅವಕಾಶ ಇದ್ದಲ್ಲಿ ತಿಂಗಳು ತಿಂಗಳು ಹಾಕಿ. 2025ರಲ್ಲಿ ಹಲವು ಫೆಡರಲ್, ಅಂದರೆ ಇಲ್ಲಿನ ಕೇಂದ್ರ ಸರ್ಕಾರದ ಅನುದಾನಗಳು ನಡುವೆಯೇ ರದ್ದಾದವು. ಅಂಥ ಹೊತ್ತಿನಲ್ಲಿ ಕ್ಲೇಮ್ ಹಾಕದೆ ಉಳಿದ ಮೂರು ತಿಂಗಳ ಖರ್ಚನ್ನು ಬೆನ್ನಟ್ಟುವುದು ತುಂಬಾ ಕಷ್ಟ.

ಮಂಜೂರಾತಿ ಪತ್ರ ಕೈಗೆ ಬಂದ ದಿನವೇ ಅದನ್ನು ಕೊನೆಯಿಂದ ಓದಿ. ಷರತ್ತುಗಳೆಲ್ಲ ಇರುವುದು ಹಿಂದಿನ ಪುಟಗಳಲ್ಲಿ. ಅನುದಾನದ ಸಂಖ್ಯೆ, ಅಸಿಸ್ಟೆನ್ಸ್ ಲಿಸ್ಟಿಂಗ್ ಸಂಖ್ಯೆ (ಯಾವ ಫೆಡರಲ್ ಕಾರ್ಯಕ್ರಮದ ಹಣ ಎಂದು ಗುರುತಿಸುವ ಸಂಖ್ಯೆ), ಅವಧಿಯ ಆರಂಭ ಮತ್ತು ಅಂತ್ಯ, ಬಜೆಟ್ ಶೀರ್ಷಿಕೆಗಳು, ಸ್ಥಳೀಯ ಪಾಲು, ವರದಿಯ ತಾರೀಕುಗಳು ಎಲ್ಲವನ್ನೂ ಒಂದು ಹಾಳೆಗೆ ಇಳಿಸಿ. ಸ್ಥಳೀಯ ಪಾಲು ಶೇಕಡ 25 ಎಂದಿದ್ದರೆ ಯಾವುದರ 25 ಎಂದು ನೋಡಿ. ಫೆಡರಲ್ ಹಣ 3,00,000 ಡಾಲರ್ ಇದ್ದು, ಫೆಡರಲ್ ಹಣದ ಶೇಕಡ 25 ಎಂದಾದರೆ ನಗರ ಹಾಕಬೇಕಾದ್ದು 75,000. ಒಟ್ಟು ಯೋಜನಾ ವೆಚ್ಚದ ಶೇಕಡ 25 ಎಂದಾದರೆ 1,00,000. ಈ 25,000ದ ವ್ಯತ್ಯಾಸ ಕೌನ್ಸಿಲ್ ಠರಾವು ಪಾಸಾದ ಮೇಲೆ ಗೊತ್ತಾದರೆ ಮತ್ತೊಮ್ಮೆ ಕೌನ್ಸಿಲ್ ಮುಂದೆ ಹೋಗಬೇಕು. ಪ್ರತಿ ಅನುದಾನಕ್ಕೂ ಲೆಡ್ಜರ್‌ನಲ್ಲಿ ಪ್ರತ್ಯೇಕ ಪ್ರಾಜೆಕ್ಟ್ ಕೋಡ್ ತೆರೆಯಿಸಿ, ಇಲಾಖೆಯವರಿಗೆ ಮೊದಲ ಖರೀದಿಗೆ ಮುಂಚೆಯೇ ಕೊಡಿ. ಕ್ರೆಡಿಟ್ ಕಾರ್ಡಿನ ಸಣ್ಣ ಖರೀದಿಗಳೇ ಹೆಚ್ಚಾಗಿ ತಪ್ಪು ಕೋಡಿಗೆ ಬೀಳುವುದು.

ಈಗ ಹೇಳುವುದನ್ನು ನಿಧಾನವಾಗಿ ಓದಿ. ಊರಿನಿಂದ ಬಂದವರು ಇಲ್ಲಿ ಎಡವುವುದು ಇದರಲ್ಲೇ, ಹಣ ತಿರುಗಿಸಿ ಕೊಡಬೇಕಾಗಿ ಬರುವುದೂ ಇದರಿಂದಲೇ.

ನಮಗೆ ಮಾರ್ಚ್ ಕೊನೆಯ ವಾರ ಗೊತ್ತು. 31ರ ಒಳಗೆ ಬಿಲ್ ಪಾಸಾದರೆ ಹಣ ಉಳಿಯಿತು ಎಂಬ ಲೆಕ್ಕ ಮೈಗೆ ಹತ್ತಿಹೋಗಿದೆ. ಇಲ್ಲಿ ಆ ಲೆಕ್ಕ ನಡೆಯುವುದಿಲ್ಲ. ಫೆಡರಲ್ ಅನುದಾನಗಳ ನಿಯಮ ಫೆಡರಲ್ ನಿಯಮಾವಳಿಯ 2 ಸಿಎಫ್‌ಆರ್ 200 ಎಂಬ ಭಾಗದಲ್ಲಿ ಉಂಟು. ಅದರ ಪ್ರಕಾರ ಖರ್ಚು ಅನುದಾನದ ಅವಧಿಯೊಳಗೆ ಆಗಿರಬೇಕು. ಚೆಕ್ ಯಾವಾಗ ಹೋಯಿತು ಎಂಬುದಕ್ಕಿಂತ ಕೆಲಸ ಯಾವಾಗ ನಡೆಯಿತು ಎಂಬುದನ್ನು ಆಡಿಟರ್ ನೋಡುತ್ತಾರೆ. ಅವಧಿ ಸೆಪ್ಟೆಂಬರ್ 30ಕ್ಕೆ ಮುಗಿಯುತ್ತದೆ ಎಂದಿಟ್ಟುಕೊಳ್ಳಿ. ಸೆಪ್ಟೆಂಬರ್ 20ಕ್ಕೆ ಮುಂಗಡ ಹಣ ಕಟ್ಟಿ ಅಕ್ಟೋಬರ್ 8ಕ್ಕೆ ತರಬೇತಿ ಇಟ್ಟರೆ ಆ ಹಣ ನಗರದ ಜೇಬಿನಿಂದ ಹೋಗುತ್ತದೆ. ಸೆಪ್ಟೆಂಬರ್‌ನಲ್ಲಿ ಮೂರು ವರ್ಷದ ಸಾಫ್ಟ್‌ವೇರ್ ಲೈಸೆನ್ಸ್ ಕೊಂಡರೆ ಉಳಿದ 35 ತಿಂಗಳ ಪಾಲಿನ ಮೇಲೆ ಪ್ರಶ್ನೆ ಏಳುತ್ತದೆ. ಬದಲಿಗೆ ಸೆಪ್ಟೆಂಬರ್ 28ಕ್ಕೆ ಮುಗಿದ ಕೆಲಸದ ಬಿಲ್ ನವೆಂಬರ್‌ನಲ್ಲಿ ಬಂದರೂ ತೊಂದರೆ ಇಲ್ಲ. ಅವಧಿ ಮುಗಿದ ಮೇಲೆ ಬಾಕಿ ತೀರಿಸಿ ಅಂತಿಮ ಹಣಕಾಸು ವರದಿ ಕೊಡಲಿಕ್ಕೆ ನೇರ ಪಡೆದವರಿಗೆ 120 ದಿನ ಉಂಟು. ರಾಜ್ಯದ ಮೂಲಕ ಉಪ ಅನುದಾನವಾಗಿ ಬಂದದ್ದಾದರೆ 90 ದಿನ, ಅಥವಾ ಒಪ್ಪಂದದಲ್ಲಿ ಅದಕ್ಕೂ ಮೊದಲಿನ ತಾರೀಕು ಇದ್ದರೆ ಅದು.

ಇದರ ಜೊತೆಗೆ ಸಂಬಳದ ವಿಷಯ ಸೇರುತ್ತದೆ. ಒಬ್ಬ ನೌಕರರ ವೇಳೆಯ ಶೇಕಡ 60 ಅನುದಾನಕ್ಕೆ ಎಂದು ಬಜೆಟ್‌ನಲ್ಲಿ ಬರೆದಿರುತ್ತೇವೆ, ಪೇರೋಲ್ ಪ್ರತಿ ತಿಂಗಳು ಶೇಕಡ 60 ಹಾಕುತ್ತಾ ಹೋಗುತ್ತದೆ. ಬಜೆಟ್ ಅಂದಾಜು ಮಧ್ಯಂತರಕ್ಕೆ ಮಾತ್ರ ನಡೆಯುತ್ತದೆ. ಆಮೇಲೆ ನಿಜವಾಗಿ ಮಾಡಿದ ಕೆಲಸದ ದಾಖಲೆಗೆ ತಾಳೆ ಹಾಕಿ ತಿದ್ದಲೇಬೇಕು. ತಿಂಗಳ ಸಂಬಳ 6,000 ಡಾಲರ್, ನಿಜವಾದ ವೇಳೆ ಶೇಕಡ 45 ಮಾತ್ರ ಎಂದುಕೊಳ್ಳಿ. ಹೆಚ್ಚಾಗಿ ಬಿದ್ದದ್ದು ತಿಂಗಳಿಗೆ 900. ವಿಮೆ, ಪಿಂಚಣಿ ಮೊದಲಾದ ಸವಲತ್ತುಗಳ ದರ ಶೇಕಡ 35 ಇದ್ದರೆ ಅದರ ಮೇಲೆ 315. ಒಟ್ಟು 1,215, ಹತ್ತು ತಿಂಗಳಿಗೆ 12,150 ಡಾಲರ್. ಇದು ಒಬ್ಬರದ್ದು. ಒಂದು ಇಲಾಖೆಯಲ್ಲಿ ಐದು ಜನ ಹೀಗೆ ಇದ್ದರೆ 60,750 ಡಾಲರ್ ಆಗುತ್ತದೆ. ಸಿಂಡಿಕೇಟ್ ಬ್ಯಾಂಕು 1928ರಲ್ಲಿ ಶುರು ಮಾಡಿದ ಪಿಗ್ಮಿ ಠೇವಣಿಯಲ್ಲಿ ದಿನಕ್ಕೆ ಎರಡಾಣೆಯನ್ನೂ ಆಯಾ ದಿನವೇ ಬರೆಯುತ್ತಿದ್ದರಲ್ಲ, ಟೈಮ್‌ಶೀಟನ್ನೂ ಹಾಗೆಯೇ ಬರೆಯಿಸಬೇಕು. ಮೂರು ತಿಂಗಳಿನದ್ದನ್ನು ಒಂದೇ ಮಧ್ಯಾಹ್ನ ಕೂತು ತುಂಬಿಸಿದರೆ ಎಲ್ಲ ವಾರವೂ ಅನುದಾನಕ್ಕೆ 24 ಗಂಟೆ, ಬೇರೆ ಕೆಲಸಕ್ಕೆ 16 ಗಂಟೆ ಎಂದು ಒಂದೇ ರೀತಿ ಬರುತ್ತದೆ. ಆಡಿಟರ್ ಮೊದಲು ಬೆರಳಿಡುವುದು ಅಲ್ಲಿಗೇ. ಇಲಾಖೆಯವರಿಗೆ ಇದು ಕಿರಿಕಿರಿ ಅನಿಸುತ್ತದೆ. ಅನಿಸಲಿ ಮಾರಾಯ್ರೆ, ನೀವು ಬಿಡಬೇಡಿ. ತಿಂಗಳ ಮೊದಲ ವಾರ ಪೇರೋಲ್ ವರದಿ ಮತ್ತು ಟೈಮ್‌ಶೀಟ್ ಪಕ್ಕಪಕ್ಕ ಇಟ್ಟು, ವ್ಯತ್ಯಾಸಕ್ಕೆ ಅದೇ ತಿಂಗಳು ಜರ್ನಲ್ ನಮೂದು ಹಾಕಿಸಿ.

ಕೆಲಸ ಅವಧಿಯೊಳಗೇ ಮುಗಿಯಬೇಕೆಂದರೆ ಅಂತ್ಯದ ತಾರೀಕಿನಿಂದ ಹಿಂದಕ್ಕೆ ಎಣಿಸಬೇಕು. ಹಿಮ ಬೀಳುವ ಊರಿನಲ್ಲಿ ಡಾಂಬರು ಹಾಕಲಿಕ್ಕೆ ಆಗುವುದು ಏಪ್ರಿಲ್‌ನಿಂದ ನವೆಂಬರ್ ಒಳಗೆ. ಅದರ ಹಿಂದೆ ಟೆಂಡರಿನ ಅವಧಿ, ಅದರ ಹಿಂದೆ ವಿನ್ಯಾಸ, ಅದಕ್ಕೂ ಹಿಂದೆ ಪರಿಸರ ಪರಿಶೀಲನೆ. ಫೆಡರಲ್ ವಸತಿ ಇಲಾಖೆಯ ಹಣವಾದರೆ ಪರಿಸರ ಪರಿಶೀಲನೆ ಮುಗಿಯುವ ಮೊದಲು ಗುತ್ತಿಗೆಗೆ ಸಹಿ ಹಾಕಿದರೆ ಆ ಯೋಜನೆಗೆ ಹಣವೇ ಕೈತಪ್ಪಬಹುದು. ಇದನ್ನೆಲ್ಲ ಲೆಕ್ಕದವರು ಹೇಳಲಿ ಎಂದು ಇಲ್ಲಿ ಯೋಜನೆಯ ಮೊದಲ ಸಭೆಗೇ ಕರೆಯುತ್ತಾರೆ. ನನಗೆ ಇನ್ನೂ ಉಳಿದ ಕೊರಗು ಇದೇ. ಕರಾವಳಿಯಲ್ಲಿ ಜೂನ್ ಮೊದಲ ವಾರ ಮಳೆ ಹಿಡಿಯುತ್ತದೆ, ಅಕ್ಟೋಬರ್‌ವರೆಗೆ ರಸ್ತೆ ಕೆಲಸ ಇಲ್ಲ ಎಂಬುದು ಸಣ್ಣ ಮಕ್ಕಳಿಗೂ ಗೊತ್ತು. ಹಿಂದಕ್ಕೆ ಎಣಿಸಬಲ್ಲ ಲೆಕ್ಕದವರು ಅಲ್ಲೂ ಇದ್ದಾರೆ, ನೀವೇ ಇದ್ದಿರಿ. ಆದರೆ ಅವರ ಮೇಜಿಗೆ ಕಡತ ಬರುವುದು ಬಿಲ್ಲಿನ ಹೊತ್ತಿಗೆ. ಇಲ್ಲಿ ಕಲಿತದ್ದನ್ನು ಬೇರೆಯವರ ಊರಿನ ರಸ್ತೆಗೆ ಬಳಸುತ್ತಿದ್ದೇನೆ ಎಂಬುದು ಪ್ರತಿ ಮಳೆಗಾಲದಲ್ಲಿ ಊರಿನ ಸುದ್ದಿ ಓದುವಾಗ ಮನಸ್ಸಿಗೆ ಚುಚ್ಚುತ್ತದೆ.

ನಿಮ್ಮ ನಗರಕ್ಕೆ ಫೆಡರಲ್ ವಸತಿ ಇಲಾಖೆಯ ಸಮುದಾಯ ಅಭಿವೃದ್ಧಿ ಬ್ಲಾಕ್ ಅನುದಾನ, ಅಂದರೆ ಸಿಡಿಬಿಜಿ ನೇರವಾಗಿ ಬರುತ್ತಿದ್ದರೆ ಮೊದಲ ವಾರವೇ ಕಲಿಯಬೇಕಾದ ಅಂಕಿಗಳು ಕೆಲವು. ಸಾರ್ವಜನಿಕ ಸೇವೆಗೆ ಶೇಕಡ 15 ಮಿತಿ, ಯೋಜನೆ ಮತ್ತು ಆಡಳಿತಕ್ಕೆ ಶೇಕಡ 20, ಕಡಿಮೆ ಮತ್ತು ಮಧ್ಯಮ ಆದಾಯದವರಿಗೆ ತಲುಪಬೇಕಾದ್ದು ಕನಿಷ್ಠ ಶೇಕಡ 70. ಕಾರ್ಯಕ್ರಮದ ವರ್ಷ ಮುಗಿಯಲು 60 ದಿನ ಇರುವಾಗ ಬಳಸದೆ ಉಳಿದ ಹಣ ವಾರ್ಷಿಕ ಅನುದಾನದ ಒಂದೂವರೆ ಪಟ್ಟು ಮೀರಬಾರದು. ಜುಲೈ 1ಕ್ಕೆ ವರ್ಷ ಶುರುವಾಗುವ ನಗರಕ್ಕೆ ಆ ದಿನ ಮೇ 2. ವರ್ಷಕ್ಕೆ 10 ಲಕ್ಷ ಡಾಲರ್ ಬರುವ ನಗರದಲ್ಲಿ ಅಂದು 15 ಲಕ್ಷಕ್ಕಿಂತ ಹೆಚ್ಚು ಉಳಿದಿರಬಾರದು. ಜನವರಿಯಲ್ಲೇ ನೋಡಿದರೆ ದಾರಿ ಹುಡುಕಬಹುದು, ಏಪ್ರಿಲ್‌ನಲ್ಲಿ ನೋಡಿದರೆ ಏನೂ ಮಾಡಲಿಕ್ಕಾಗುವುದಿಲ್ಲ.

ಹುದ್ದೆ ಕೊಡುವ ಅನುದಾನಗಳ ಬಗ್ಗೆ ಜಾಗ್ರತೆ. ಪೊಲೀಸ್ ನೇಮಕಾತಿಯ ಕಾಪ್ಸ್ ಅನುದಾನ ಆರಂಭಿಕ ಸಂಬಳ ಮತ್ತು ಸವಲತ್ತಿನ ಶೇಕಡ 75ರವರೆಗೆ ಮೂರು ವರ್ಷ ಕೊಡುತ್ತದೆ, ಒಂದು ಹುದ್ದೆಗೆ ಗರಿಷ್ಠ 1,25,000 ಡಾಲರ್. ಅನುದಾನ ಮುಗಿದ ಮೇಲೆ ಕನಿಷ್ಠ 12 ತಿಂಗಳು ಆ ಹುದ್ದೆಯನ್ನು ನಗರವೇ ಸಾಕಬೇಕು. ಅರ್ಜಿಯ ಜೊತೆಗೇ ನಾಲ್ಕನೇ ವರ್ಷದ ವೆಚ್ಚವನ್ನು ಸಾಮಾನ್ಯ ನಿಧಿಯ ಮುನ್ನೋಟದಲ್ಲಿ ತೋರಿಸಿ.

ರಜೆ. ನಿಮ್ಮ ವರ್ಷ ಎರಡು ಕ್ಯಾಲೆಂಡರ್‌ಗಳಲ್ಲಿ ಓಡುತ್ತದೆ. ಹಲವು ನಗರಗಳ ಲೆಕ್ಕ ಜುಲೈ 1ರಿಂದ ಜೂನ್ 30, ಫೆಡರಲ್ ಲೆಕ್ಕ ಅಕ್ಟೋಬರ್ 1ರಿಂದ ಸೆಪ್ಟೆಂಬರ್ 30. ತ್ರೈಮಾಸಿಕ ವರದಿಗಳು ಸಾಮಾನ್ಯವಾಗಿ ತ್ರೈಮಾಸಿಕ ಮುಗಿದು 30 ದಿನಕ್ಕೆ. ಆಟಿ ತಿಂಗಳಲ್ಲಿ (ಜುಲೈ-ಆಗಸ್ಟ್) ನಗರದ ವರ್ಷಾಂತ್ಯದ ಲೆಕ್ಕ, ನವರಾತ್ರಿಯ ಹೊತ್ತಿಗೆ ಫೆಡರಲ್ ವರ್ಷಾಂತ್ಯ, ವಸಂತದಲ್ಲಿ ಬಜೆಟ್ ಸಭೆಗಳು. ಮಂಗಳೂರು ದಸರಾ ನಿಮಗೆ ಸಿಗುವುದಿಲ್ಲ, ಈಗಲೇ ಮನಸ್ಸು ಗಟ್ಟಿ ಮಾಡಿಕೊಳ್ಳಿ. ಡಿಸೆಂಬರ್ ಮಧ್ಯದಿಂದ ಜನವರಿ 20ರ ನಡುವೆ ಮೂರು ವಾರ ಕೇಳಿ. ಆಗ ಕಂಬಳ ಇರುತ್ತದೆ, ಯಕ್ಷಗಾನ ಮೇಳಗಳು ತಿರುಗಾಟದಲ್ಲಿರುತ್ತವೆ, ಎರಡು ವರ್ಷಕ್ಕೊಮ್ಮೆ ಜನವರಿ 18ರ ಪರ್ಯಾಯವೂ ಸಿಗುತ್ತದೆ. ಟಿಕೆಟ್ ದುಬಾರಿ, ಆದರೂ ಆಗಲೇ ಹೋಗಿ. ಹೊರಡುವ ಮೊದಲು ಡಿಸೆಂಬರ್ ತ್ರೈಮಾಸಿಕದ ವರದಿಯ ಕರಡು ಮುಗಿಸಿಟ್ಟಿರಿ.

ಸಂದರ್ಶನಕ್ಕೆ ತಯಾರಿ ಬಹಳ ಬೇಡ. ವರ್ಷಕ್ಕೆ 10 ಲಕ್ಷ ಡಾಲರ್ ಅಥವಾ ಹೆಚ್ಚು ಫೆಡರಲ್ ಹಣ ಖರ್ಚು ಮಾಡುವ ನಗರಕ್ಕೆ ಸಿಂಗಲ್ ಆಡಿಟ್ (ಎಲ್ಲ ಫೆಡರಲ್ ಅನುದಾನಗಳಿಗೂ ಸೇರಿಸಿ ಮಾಡುವ ಒಂದೇ ಆಡಿಟ್) ಕಡ್ಡಾಯ. 2024ರ ಅಕ್ಟೋಬರ್‌ಗೆ ಮೊದಲು ಶುರುವಾದ ವರ್ಷಗಳಿಗೆ ಈ ಮಿತಿ 7,50,000 ಇತ್ತು. ವರದಿಗಳು ಫೆಡರಲ್ ಆಡಿಟ್ ಕ್ಲಿಯರಿಂಗ್‌ಹೌಸ್‌ನ ಜಾಲತಾಣದಲ್ಲಿ ಯಾರಿಗೂ ಸಿಗುತ್ತವೆ. ನಿಮ್ಮ ನಗರದ ಕೊನೆಯ ಎರಡು ವರ್ಷದ್ದನ್ನು ಇಳಿಸಿಕೊಳ್ಳಿ. ಫೆಡರಲ್ ವೆಚ್ಚದ ಪಟ್ಟಿ ನೋಡಿದರೆ ಯಾವ ಯಾವ ಅನುದಾನ ನಿಮ್ಮ ಮೇಜಿಗೆ ಬರಬಹುದೆಂದು ಗೊತ್ತಾಗುತ್ತದೆ. ಅದರ ಹಿಂದೆ ಆಡಿಟರ್ ಎತ್ತಿದ ಆಕ್ಷೇಪಗಳು, ಅದಕ್ಕೆ ನಗರ ಕೊಟ್ಟ ಉತ್ತರ ಇರುತ್ತದೆ. ಹಿಂದಿನ ವರ್ಷದ ಆಕ್ಷೇಪವೇ ಈ ವರ್ಷವೂ ಬಂದಿದ್ದರೆ, ‘ಇದಕ್ಕೆ ಈವರೆಗೆ ಏನೇನು ಕ್ರಮ ಆಗಿದೆ?’ ಎಂದು ಕೊನೆಯಲ್ಲಿ ನಿಮಗೆ ಪ್ರಶ್ನೆ ಕೇಳಲು ಬಿಟ್ಟಾಗ ಕೇಳಿ. ಅವರ ಉತ್ತರದಿಂದ ಆ ಕಚೇರಿಯಲ್ಲಿ ನಿಮ್ಮ ಮಾತು ನಡೆಯುತ್ತದೆಯೋ ಇಲ್ಲವೋ ಎಂಬುದೂ ತಿಳಿಯುತ್ತದೆ.