ಮನೆಯಿಂದ ಕಾಫಿ ಕಣಕ್ಕೆ 250 ಮೀಟರ್, ಯಾವ ವೈಫೈ ಕ್ಯಾಮೆರಾ ತಗೊಳ್ಳಲಿ?

ಮನೆಯ ರೂಟರ್‌ನಿಂದ ಕಣಕ್ಕೆ 250 ಮೀಟರ್, ನಡುವೆ ಸಿಲ್ವರ್ ಮರ, ಅಷ್ಟು ರೇಂಜ್ ಯಾವ ವೈಫೈ ಕ್ಯಾಮೆರಾಗಿದೆ ಅಂತ ಕೇಳಿದ್ದೀರಿ. ಮೂಡಿಗೆರೆ ಕಡೆಯ ನಮ್ಮ ತೋಟದ್ದೂ ಇದೇ ಕಥೆ. ಮಾಮೂಲಿ ವೈಫೈ ಕ್ಯಾಮೆರಾ ಯಾವುದಕ್ಕೂ ಇಲ್ಲ. ಡಬ್ಬದ ಮೇಲೆ 300 ಮೀಟರ್ ಅಂತ ಇದ್ದರೂ ಅದು ಬಟಾಬಯಲಿನ ಲೆಕ್ಕ.

ಎರಡೆರಡು ಆಂಟೆನಾ ಇರುವ ವೈಫೈ ಕ್ಯಾಮೆರಾ ನಾಲ್ಕು ತಂದು ಕಣದ ಸುತ್ತ ಹಾಕಿದ್ದೆ. ಚಿತ್ರ ನಿಂತು ನಿಂತು ಬರುತ್ತಿತ್ತು. ರೂಟರ್ ಸಾಲದು ಅಂದುಕೊಂಡು ಹೈ ಪವರ್ ರೂಟರ್ ತಂದೆ. ಕಣದಲ್ಲಿ ಮೊಬೈಲ್ ಹಿಡಿದರೆ ಸಿಗ್ನಲ್ ಕಡ್ಡಿ ಪೂರ್ತಿ, ಚಿತ್ರ ಮಾತ್ರ ಮೊದಲಿನ ಹಾಗೇ. ತಪ್ಪಿದ್ದು ಇಲ್ಲೇ, ಬಿಡಿಸಿ ಹೇಳುತ್ತೇನೆ. ವಿಡಿಯೋ ಹೊರಡುವುದು ಕ್ಯಾಮೆರಾದಿಂದ. ರೂಟರ್ ಪವರ್ ಏರಿಸಿದರೆ ರೂಟರ್ ದನಿ ಜೋರಾಗುತ್ತದೆ ಅಷ್ಟೇ, ಕ್ಯಾಮೆರಾದೊಳಗಿನ ಪುಟ್ಟ ರೇಡಿಯೋದ ದನಿ ಇದ್ದಷ್ಟೇ ಇರುತ್ತದೆ. ಆಚೆ ಗುಡ್ಡದವರು ಮೈಕ್‌ನಲ್ಲಿ ಕೂಗಿದ್ದು ನಮಗೆ ಕೇಳುತ್ತದೆ, ನಾವು ಬರಿಗಂಟಲಲ್ಲಿ ಓಗೊಟ್ಟಿದ್ದು ಅವರಿಗೆ ಕೇಳುವುದಿಲ್ಲ. ಮೊಬೈಲ್ ಕಡ್ಡಿ ತೋರಿಸುವುದು ಮೈಕ್‌ನ ದನಿಯನ್ನು. ನೋಡಬೇಕಾದ್ದು ರೂಟರ್‌ನ ಕ್ಲೈಂಟ್ ಪಟ್ಟಿಯಲ್ಲಿ (ಅದಕ್ಕೆ ಸೇರಿದ ಸಾಧನಗಳ ಪಟ್ಟಿ) ಆ ಕ್ಯಾಮೆರಾದ ಎದುರಿಗಿರುವ ಡಿಬಿಎಂ ಅಂಕಿ, ಅಂದರೆ ಕ್ಯಾಮೆರಾದ ದನಿ ರೂಟರ್‌ಗೆ ಎಷ್ಟು ಗಟ್ಟಿಯಾಗಿ ಮುಟ್ಟುತ್ತಿದೆ ಅನ್ನುವ ಅಳತೆ. ಮೈನಸ್ ಆದ್ದರಿಂದ ಅಂಕಿ ದೊಡ್ಡದಾದಷ್ಟೂ ಸಿಗ್ನಲ್ ಕ್ಷೀಣ. ಮೈನಸ್ 65 ಇದ್ದರೆ ಚೆನ್ನ, ಮೈನಸ್ 75 ದಾಟಿದರೆ ಕಡಿತ ಶುರು. ನಮ್ಮದು ಮೈನಸ್ 82 ಇತ್ತು. ಆಂಟೆನಾ ಹಾಗಲ್ಲ: ಒಂದೇ ದಿಕ್ಕಿಗೆ ಮುಖಮಾಡಿದ ಆಂಟೆನಾ ಕಳಿಸುವುದನ್ನೂ ಹಿಡಿಯುವುದನ್ನೂ ಎರಡನ್ನೂ ಗಟ್ಟಿ ಮಾಡುತ್ತದೆ. ಪವರ್‌ಗೆ ಸುರಿದ ದುಡ್ಡು ಆಂಟೆನಾಗೆ ಹೋಗಬೇಕಿತ್ತು.

ರಿಪೀಟರ್ ಹಾಕಿ ಅಂತ ಅಂಗಡಿಯವರು ಹೇಳಿಯೇ ಹೇಳುತ್ತಾರೆ. ಬೇಡ. ಒಂದೇ ರೇಡಿಯೋದಲ್ಲಿ ಕೇಳಿ ಮತ್ತೆ ಅದರಲ್ಲೇ ಕಳಿಸುವಾಗ ವೇಗ ಅರ್ಧಕ್ಕೆ ಇಳಿಯುತ್ತದೆ. ಮರಗಸಿ (ನೆರಳು ಮರದ ಕೊಂಬೆ ಕಡಿಯುವುದು) ಆದ ಮೇಲಿನ ಬಿಸಿಲಲ್ಲಿ ಪರೀಕ್ಷೆ ಮಾಡಿ ಸರಿ ಇದೆ ಅಂತಲೂ ತೀರ್ಮಾನಿಸಬೇಡಿ. ಈ ದೂರಕ್ಕೆ ಬೀಳುವ ಮಳೆ ದೊಡ್ಡ ಅಡ್ಡಿಯಲ್ಲ, ಜುಲೈನಲ್ಲಿ ಚಿಗುರಿ ತೊಯ್ದು ನಿಂತ ಎಲೆ ಅಡ್ಡಿ.

ಈಗ ಮಾಡಬೇಕಾದ್ದು. ಕ್ಯಾಮೆರಾಗಳಿಗೆ ವೈರೇ ಎಳೆಯಿರಿ, ಗಾಳಿಯಲ್ಲಿ ದಾಟಿಸುವ ಕೆಲಸವನ್ನು ಅದಕ್ಕೇ ಮಾಡಿದ 5 ಗಿಗಾಹರ್ಟ್ಸ್‌ನ ಒಂದು ಜೊತೆ ಹೊರಾಂಗಣ ಸಿಪಿಇಗೆ (ಒಂದೇ ದಿಕ್ಕಿನ ಆಂಟೆನಾ ಇರುವ ವೈಫೈ ರೇಡಿಯೋ ಪೆಟ್ಟಿಗೆ) ಬಿಡಿ. ಒಂದು ಮನೆಯ ತಾರಸಿ ಮೇಲೆ, ಇನ್ನೊಂದು ಕಣದ ಕಂಬದ ಮೇಲೆ. ಒಂದಕ್ಕೊಂದು ಕಂಡರೆ ಸಾಲದು, ನಡುದಾರಿಯಲ್ಲಿ ಆ ನೇರಗೆರೆಯ ಸುತ್ತಲೂ ಜಾಗ ಖಾಲಿ ಇರಬೇಕು. 250 ಮೀಟರ್‌ಗೆ 5.8 ಗಿಗಾಹರ್ಟ್ಸ್‌ನಲ್ಲಿ ಅದು ಗೆರೆಯಿಂದ ಪ್ರತಿ ದಿಕ್ಕಿಗೂ ಸುಮಾರು 1.8 ಮೀಟರ್, ಅದರಲ್ಲಿ ಶೇ. 60 ಅಂದರೆ 1.1 ಮೀಟರ್ ಆದರೂ ಬಿಡುವಿರಲೇಬೇಕು. ಸಿಲ್ವರ್ ತೋಟದಲ್ಲಿ ಇದಕ್ಕೊಂದು ದಾರಿ ಇದೆ. ಮರದ ತಲೆಯ ಮೇಲಿಂದ ಹೋಗುವ ಹಟ ಬಿಡಿ. ಕಾಫಿ ಗಿಡದ ತಲೆಗೂ ನೆರಳು ಮರದ ಕೊಂಬೆಗೂ ನಡುವೆ ಎಷ್ಟೋ ಕಡೆ ಬಯಲು ಸಿಗುತ್ತದೆ, ತೋಟದ ರಸ್ತೆಯ ಗುಂಟ ನೋಡಿದರೆ ಇನ್ನೂ ಸುಲಭ. ಮೆಣಸಿನ ಬಳ್ಳಿ ಹಬ್ಬಿದ ಮರ ಮಾತ್ರ ಆ ನೇರಗೆರೆಗೆ ಅಡ್ಡ ಬರಬಾರದು. ಚಾನೆಲ್ ಅಗಲ 20 ಮೆಗಾಹರ್ಟ್ಸ್ ಇಡಿ. 2 ಮೆಗಾಪಿಕ್ಸೆಲ್ ಕ್ಯಾಮೆರಾ ಎಚ್.265ರಲ್ಲಿ (ವಿಡಿಯೋ ಕುಗ್ಗಿಸುವ ವಿಧಾನ) ತಲಾ 2 ಎಂಬಿಪಿಎಸ್ ಹಿಡಿದರೂ ನಾಲ್ಕಕ್ಕೆ 8, ಈ ಅಗಲವೇ ಧಾರಾಳ ಸಾಕು. ಎರಡೂ ತುದಿಯಲ್ಲಿ ಡಿಬಿಎಂ ಅಂಕಿ ಮೈನಸ್ 50ರಿಂದ 65ರ ಒಳಗೆ ಬರುವವರೆಗೆ ಕ್ಲಾಂಪ್ ಬಿಗಿಯದೆ ಕೂದಲೆಳೆಯಷ್ಟು ತಿರುಗಿಸುತ್ತಾ ಹೋಗಿ.

ಕಣದಲ್ಲಿ ಪಿಓಇ ಸ್ವಿಚ್ (ನೆಟ್‌ವರ್ಕ್ ಕೇಬಲಿನಲ್ಲೇ ಕರೆಂಟನ್ನೂ ಕಳಿಸುವ ಸ್ವಿಚ್), ಅಲ್ಲಿಂದ ಪ್ರತಿ ಕ್ಯಾಮೆರಾಗೆ ಕ್ಯಾಟ್ 6, 90 ಮೀಟರ್ ದಾಟದ ಹಾಗೆ. ಸಿಪಿಇಗೆ ಅದರ ಜೊತೆ ಬಂದ ಇಂಜೆಕ್ಟರನ್ನೇ (ಕೇಬಲಿಗೆ ಕರೆಂಟ್ ಸೇರಿಸುವ ಅಡಾಪ್ಟರ್) ಬಳಸಿ, ಬಹಳಷ್ಟು ಸಿಪಿಇ ನಡೆಯುವುದು 24 ವೋಲ್ಟ್‌ನಲ್ಲಿ, ಸ್ವಿಚ್ ಕೊಡುವ 48ರಲ್ಲಲ್ಲ. ಕೇಬಲ್ ಕೊಳ್ಳುವಾಗ ಅಂಗಡಿಯಲ್ಲೇ ಒಂದು ಎಳೆ ಬಿಡಿಸಿ ಬ್ಲೇಡಿನಿಂದ ಕೆರೆದು ನೋಡಿ: ಒಳಗೆ ಬೆಳ್ಳಗೆ ಕಂಡರೆ ತಾಮ್ರ ಬಳಿದ ಅಲ್ಯೂಮಿನಿಯಂ, ವಾಪಸ್ ಕೊಡಿ. ಉಳಿತಾಯಕ್ಕೆ ಅಂತ ಇದೇ ಕೇಬಲಿನಲ್ಲಿ 60 ಮೀಟರ್ ದೂರಕ್ಕೆ 12 ವೋಲ್ಟ್ ಕಳಿಸಲೂಬೇಡಿ. ಹಗಲು ಎಲ್ಲ ಸರಿ ಇರುತ್ತದೆ. ಕತ್ತಲಾಗಿ ರಾತ್ರಿ ನೋಟದ ಐಆರ್ ದೀಪ ಹೊತ್ತಿದ ಕೂಡಲೇ ಕ್ಯಾಮೆರಾ ಹೆಚ್ಚು ಕರೆಂಟ್ ಎಳೆಯುತ್ತದೆ, ವೋಲ್ಟೇಜ್ ಕುಸಿಯುತ್ತದೆ, ಕ್ಯಾಮೆರಾ ರೀಸ್ಟಾರ್ಟ್ ಆಗುತ್ತದೆ, ದೀಪ ಮತ್ತೆ ಹೊತ್ತುತ್ತದೆ, ಬೆಳಗಿನವರೆಗೂ ಇದೇ. ಕಳ್ಳ ಬರುವ ಹೊತ್ತಿಗೆ ಕಣ್ಣಿಲ್ಲ. ಪಿಓಇ ಸ್ವಿಚ್ 48 ವೋಲ್ಟ್ ಕಳಿಸುವುದರಿಂದ ಈ ಕಾಟವಿಲ್ಲ.

ಪ್ರತಿ ಕ್ಯಾಮೆರಾಗೂ ಎಸ್‌ಡಿ ಕಾರ್ಡ್ ಹಾಕಿ, ಲಿಂಕ್ ಬಿದ್ದಾಗಲೂ ರೆಕಾರ್ಡ್ ಉಳಿಯುತ್ತದೆ. ಸಿಪಿಇಗೂ ಸ್ವಿಚ್‌ಗೂ ಎರಡೂ ಕಡೆ ಚಿಕ್ಕ ಯುಪಿಎಸ್ ಬೇಕು. ಸೋಲಾರ್ ಕ್ಯಾಮೆರಾವನ್ನು ಮಲೆನಾಡಿನ ಮಳೆಗಾಲಕ್ಕೆ, ಅದೂ ಮರದ ನೆರಳಲ್ಲಿ, ನಾನು ಯಾರಿಗೂ ಹೇಳುವುದಿಲ್ಲ.

ಅಡ್ಡಿಯಿಲ್ಲದ ನೇರಗೆರೆ ಎಲ್ಲೂ ಸಿಗಲಿಲ್ಲ ಅಂದರೆ ಗಾಳಿಯ ಆಸೆ ಬಿಟ್ಟು, ಕೇಬಲ್ ಟಿವಿಯವರಿಂದ ಸಿಂಗಲ್ ಮೋಡ್ ಫೈಬರ್ ಎಳೆಸಿ, ಎರಡು ತುದಿಗೂ ಮೀಡಿಯಾ ಕನ್ವರ್ಟರ್ (ಫೈಬರಿನ ಬೆಳಕನ್ನು ನೆಟ್‌ವರ್ಕ್ ಕೇಬಲಿಗೆ ಹೊಂದಿಸುವ ಪೆಟ್ಟಿಗೆ) ಹಾಕಿಸಿ. ಗಾಜಿನ ಎಳೆಯಲ್ಲಿ ಸಿಡಿಲಿನ ಕರೆಂಟ್ ಹರಿಯುವುದಿಲ್ಲ. ಆದರೆ ಅದರ ಜೊತೆ ಉಕ್ಕಿನ ಆಧಾರ ತಂತಿ ಬಂದಿದ್ದರೆ ಅದನ್ನು ಗೋಡೆಯ ಹೊರಗೇ ಕತ್ತರಿಸಿ ನಿಲ್ಲಿಸಿ, ಒಳಗೆ ತರಬೇಡಿ.