ಹೊಸ ದೇಶದಲ್ಲಿ ಪದೇ ಪದೇ ನೆಗಡಿ: ಒಂದು ಪ್ರತಿಕ್ರಿಯೆ

ದೇಶ ಬದಲಿಸಿದ 8 ತಿಂಗಳಲ್ಲಿ 4 ಬಾರಿ ನೆಗಡಿಯಾಗಿದೆ, ರೋಗನಿರೋಧಕ ಶಕ್ತಿಯೇ ಕುಂದಿತೇ ಎಂದು ಕೇಳಿದ್ದೀರಿ. ಬಹುಶಃ ಇಲ್ಲ. ನೆಗಡಿ ತರುವ ರೈನೊವೈರಸ್ ಒಂದರಲ್ಲೇ 150ಕ್ಕೂ ಹೆಚ್ಚು ಬಗೆಗಳಿದ್ದು, ಒಂದರ ವಿರುದ್ಧ ದೇಹ ಗಳಿಸಿದ ರಕ್ಷಣೆ ಇನ್ನೊಂದಕ್ಕೆ ಅಷ್ಟಾಗಿ ಒದಗದ ಕಾರಣ, ಅಲ್ಲಿ ಹರಡಿರುವ, ನಿಮ್ಮ ದೇಹ ಹಿಂದೆ ಕಂಡಿರದ ಬಗೆಗಳು ಸುಲಭವಾಗಿ ತಗಲುತ್ತವೆ. ಆರೋಗ್ಯವಂತ ವಯಸ್ಕರಿಗೂ ವರ್ಷಕ್ಕೆ 2–3 ನೆಗಡಿ ಸಾಮಾನ್ಯ. ಮನೆಯಲ್ಲಿ ಶಿಶುವಿಹಾರಕ್ಕೆ ಹೋಗುವ ಮಗುವಿದ್ದರೆ (ನೀವು ತಿಳಿಸಿಲ್ಲ) ಇನ್ನೂ ಹೆಚ್ಚು. ಬಿಸಿಮಾಡಿದ ಕೋಣೆಯ ಒಣ ಗಾಳಿಯೂ, ವಲಸೆಯ ಆತಂಕದಲ್ಲಿ ಕೆಡುವ ನಿದ್ದೆಯೂ ಇದಕ್ಕೆ ಜೊತೆಗೂಡುತ್ತವೆ. ನನ್ನ ದೃಷ್ಟಿಯಲ್ಲಿ ನಿದ್ದೆಯನ್ನೇ ನಾವು ತೀರ ಹಗುರವಾಗಿ ಕಾಣುತ್ತೇವೆ. ಫ್ಲೂ ಲಸಿಕೆಯ ರಕ್ಷಣೆ ಮೂಡಲು ಸುಮಾರು 2 ವಾರ ಬೇಕಾಗುವುದರಿಂದ ಅದನ್ನು ಚಳಿಗಾಲಕ್ಕೆ ಮುನ್ನವೇ ಹಾಕಿಸಿಕೊಳ್ಳಿ. ತೂಕ ಕಾರಣವಿಲ್ಲದೆ ಇಳಿಯುತ್ತಿದ್ದರೆ ಅಥವಾ ಕೆಮ್ಮು 3 ವಾರ ಮೀರಿದರೆ ಕಾಯದೆ ವೈದ್ಯರನ್ನು ಕಾಣಿ.