ಹೊಗೆಸೊಪ್ಪು ಬಿಡಿಸೋ ಟ್ರಯಲ್ ಪೇಪರ್‌ಗಳನ್ನ ಎಐಗೆ ಓದಿಸಿದ್ರೆ ನಮ್ಮೂರಿಗೆ ಯಾವ ವಿಧಾನ ಆಗತ್ತೆ ಅಂತ ಗೊತ್ತಾಗತ್ತಾ?

ತೀರ್ಥಹಳ್ಳಿ ಕಡೆ ಕವಳದ (ಎಲೆ ಅಡಿಕೆ) ಜೊತೆ ಹೊಗೆಸೊಪ್ಪು ಹಾಕೋರಿಗೆ ಅದನ್ನ ಬಿಡಿಸೋ ಪ್ರಾಜೆಕ್ಟ್ ಮಾಡ್ತಿದೀನಿ, ಅಷ್ಟೊಂದು ಪೇಪರ್ ಓದಕ್ಕೆ ಟೈಮಿಲ್ಲ ಅಂದಿದೀರಿ. ಓದಿಸಿ, ಧಾರಾಳವಾಗಿ ಓದಿಸಿ. ಆದ್ರೆ ಯಾವುದು ಕೆಲಸ ಮಾಡತ್ತೆ ಅನ್ನೋ ತೀರ್ಮಾನ ಅದರ ಕೈಗೆ ಕೊಡಬೇಡಿ, ಮಾಹಿತಿ ಹೆಕ್ಕಿಸಕ್ಕೆ ಮಾತ್ರ ಇಟ್ಕೊಳಿ. ನಾನು ಸಾಗರದಲ್ಲಿ ಕೂತು ಮೆಡಿಕಲ್ ಪೇಪರ್‌ಗಳಿಂದ ಡೇಟಾ ತೆಗೆಯೋ ಕೆಲಸಾನೇ ಮಾಡೋದು.

ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಸೂಸನ್ ಮಿಚಿ ಮತ್ತೆ ಜೊತೆಯವರು 2013ರಲ್ಲಿ ಅಭ್ಯಾಸ ಬದಲಿಸೋ 93 ಟೆಕ್ನಿಕ್‌ಗಳ ಪಟ್ಟಿ ತಂದ್ರು, ಗುರಿ ಹಾಕ್ಕೊಳೋದು, ದಿನಾ ಎಷ್ಟು ಹಾಕಿದೆ ಅಂತ ತಾನೇ ಬರೆದಿಡೋದು, ಮನೆಯವರ ಸಪೋರ್ಟು, ಈ ಥರದ್ದು. ಆಮೇಲೆ ಹ್ಯೂಮನ್ ಬಿಹೇವಿಯರ್ ಚೇಂಜ್ ಪ್ರಾಜೆಕ್ಟ್ ಅಂತ ಐಬಿಎಂ ಜೊತೆ ಸೇರಿ, ಸಿಗರೇಟ್ ಬಿಡಿಸೋ ಟ್ರಯಲ್ ಪೇಪರ್‌ಗಳಲ್ಲಿ ಯಾರಿಗೆ, ಯಾರು, ಎಲ್ಲಿ, ಏನು ಕೊಟ್ರು, ಎಷ್ಟು ಜನ ಬಿಟ್ರು ಅಂತ ಮನುಷ್ಯರ ಕೈಲೇ ಗುರುತು ಹಾಕಿಸಿ ಅದನ್ನ ಮಷೀನಿಗೆ ಕಲಿಸಕ್ಕೆ ಹೊರಟ್ರು.

ಕಷ್ಟ ಇರೋದು ಪೇಪರಲ್ಲೇ. ಕೌನ್ಸೆಲಿಂಗ್ ಕೊಟ್ವಿ ಅಂತ ಒಂದು ಸಾಲು ಬರೆದು ಬಿಟ್ಟಿರ್ತಾರೆ, ಕೊಟ್ಟಿದ್ದು ಡಾಕ್ಟ್ರಾ, ನರ್ಸಾ, ಎಷ್ಟು ಹೊತ್ತು, ಏನು ಮಾತಾಡಿದ್ರು, ಒಂದೂ ಇರಲ್ಲ, ಬರೆಯದೇ ಇರೋದನ್ನ ಮಷೀನ್ ಎಲ್ಲಿಂದ ತರತ್ತೆ? ಇನ್ನೂ ಮೋಸ ಮಾಡೋದು ಕಂಟ್ರೋಲ್ ಗ್ರೂಪು, ಅಂದ್ರೆ ಹೊಸ ವಿಧಾನ ಕೊಡದೆ ಹೋಲಿಕೆಗೆ ಇಟ್ಕೊಂಡ ಗುಂಪು. ಅವರಿಗೆ ಕೊಟ್ಟಿದ್ದು ಮಾಮೂಲಿ ಚಿಕಿತ್ಸೆ ಅಂತ ಇರತ್ತೆ, ಒಂದು ಕಡೆ ಅದು ಬರೀ ಕರಪತ್ರ, ಇನ್ನೊಂದು ಕಡೆ ನರ್ಸ್ ವಾರವಾರ ಫೋನ್ ಮಾಡಿ ವಿಚಾರಿಸಿರ್ತಾರೆ. ಆ ಎರಡನೇ ಟ್ರಯಲ್ಲಲ್ಲಿ ಎರಡೂ ಗುಂಪಲ್ಲೂ ಜನ ಚಟ ಬಿಟ್ಟಿರ್ತಾರೆ, ಹಾಗಾಗಿ ವ್ಯತ್ಯಾಸ ಸಣ್ಣದಾಗಿ ಕಾಣತ್ತೆ, ಒಳ್ಳೇ ವಿಧಾನಾನೇ ದಂಡ ಅನ್ನಿಸಿಬಿಡತ್ತೆ. ಅದಕ್ಕೇ ಎರಡೂ ಗುಂಪಿಗೆ ಏನು ಸಿಕ್ತು ಅಂತ ಬೇರೆ ಬೇರೆ ಕಾಲಂ ಮಾಡಿಸಲೇಬೇಕು.

ನಿಮ್ಮ ವಿಷಯದಲ್ಲಿ ಇನ್ನೊಂದಿದೆ. ಸಿಗರೇಟ್ ಟ್ರಯಲ್ಲಲ್ಲಿ ಉಸಿರಿನ ಕಾರ್ಬನ್ ಮಾನಾಕ್ಸೈಡ್ ನೋಡಿ ಬಿಟ್ಟಿದಾರಾ ಅಂತ ಚೆಕ್ ಮಾಡ್ತಾರೆ, ಅಗಿಯೋರಿಗೆ ಅದು ನಡೆಯಲ್ಲ, ಎಂಜಲಲ್ಲೋ ಮೂತ್ರದಲ್ಲೋ ಕೊಟಿನಿನ್ (ನಿಕೋಟಿನ್ ಮೈಯೊಳಗೆ ಹೋಗಿ ಆಗೋ ವಸ್ತು) ನೋಡಬೇಕು, ನಿಕೋಟಿನ್ ಗಮ್ ತಗೊಳೋರಲ್ಲಿ ಹೊಗೆಸೊಪ್ಪು ಬಿಟ್ಟಿದ್ರೂ ಅದು ಕಾಣತ್ತೆ. 2016-17ರ ಗ್ಯಾಟ್ಸ್ ಅನ್ನೋ ವಯಸ್ಕರ ತಂಬಾಕು ಸರ್ವೇಲಿ ನಮ್ಮ ದೇಶದ ವಯಸ್ಕರಲ್ಲಿ ಹೊಗೆ ಇಲ್ಲದ ತಂಬಾಕು ಬಳಸೋರು 21.4%, ಸೇದೋರು 10.7%. ಸೇದೋರ ಮೇಲಿನ ಫಲಿತಾಂಶಾನ ಅಡಿಕೆ ಸುಲಿಯೋ ಚಪ್ಪರದಲ್ಲಿ ಕೂತು ಎಲ್ಲರ ಜೊತೆ ಕವಳ ಹಾಕೋ ಹೆಂಗಸರಿಗೆ ನೇರವಾಗಿ ಅಂಟಿಸಕ್ಕಾಗಲ್ಲ. ಇನ್ನು ತಂಬಾಕು ಬಿಟ್ಟು ಬರೀ ಎಲೆ ಅಡಿಕೆ ಮುಂದುವರಿಸಿದ್ರೂ ಕ್ಯಾನ್ಸರ್ ರಿಸ್ಕ್ ಇದೆ, ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಐಎಆರ್‌ಸಿ ಅದನ್ನೂ 2004ರಲ್ಲೇ ಕ್ಯಾನ್ಸರ್‌ಕಾರಕ ಅಂದಿದೆ. ಅಡಿಕೆ ಬೆಳೆಯೋ ಊರಲ್ಲಿ ಇದನ್ನ ಹೇಳೋದು ಕಷ್ಟ, ಆದ್ರೂ ಪೇಪರಲ್ಲಿ ಹಾಗೆ ಬರೀ ಎಲೆ ಅಡಿಕೆ ಮುಂದುವರಿಸಿದವರನ್ನ ಬೇರೆ ಎಣಿಸಿದಾರಾ ಅಂತ ನೋಡಿ.

ಮೊದಲು ಒಂದಷ್ಟು ಪೇಪರ್ ನೀವು ಮತ್ತೆ ಇನ್ನೊಬ್ರು ಬೇರೆ ಬೇರೆ ಕೂತು ಗುರುತು ಹಾಕಿ. ನಿಮ್ಮಿಬ್ಬರಿಗೇ ತಾಳೆ ಆಗದ ಕಡೆ ಮಷೀನನ್ನೂ ನಂಬಬೇಡಿ. ಪ್ರತಿ ಉತ್ತರಕ್ಕೂ ಪೇಪರಿನ ಮೂಲ ವಾಕ್ಯ ಕೊಡು, ಇಲ್ಲದಿದ್ರೆ ಬರೆದಿಲ್ಲ ಅಂತ ಹಾಕು ಅಂತ ಕೇಳಿ. ಪಿಡಿಎಫ್ ಟೇಬಲ್ಲಿನ ಅಂಕಿಗಳು ಕಲಸಿಹೋಗ್ತವೆ, ಬಿಟ್ಟವರ ಸಂಖ್ಯೆ ಮಾತ್ರ ನೀವೇ ಕಣ್ಣಾರೆ ನೋಡಿ ತುಂಬಿ.